ರಂಗದ ಮೇಲೆ ‘ಜೇನ್ ಏರ್’: ಒಂದು ಪರಿಶೀಲನೆ

ಆಂಗ್ಲ ಸಾಹಿತ್ಯವನ್ನು ಓದುತ್ತಿರುವ ನಮಗೆ ಷಾರ್ಲೆಟ್ ಬ್ರಾಂಟಿಯ ‘ಜೇನ್ ಏರ್’ ಕಾದಂಬರಿಯನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾದುದಿಲ್ಲ. 1847ರ ಅಕ್ಟೋಬರಿನಲ್ಲಿ ಕರರ್ ಬೆಲ್ ಎಂಬ ಗುಪ್ತನಾಮದಿಂದ ಪ್ರಕಟವಾದ ಈ ಕೃತಿಯ 38 ಅಧ್ಯಾಯಗಳೂ ಒಂದೇ ಕಂಠದಿಂದ ಹೊರಟವು. ಅನಾಥ ಬಾಲಕಿಯೊಬ್ಬಳು ಬೆಳೆದು, ಉಪಾಧ್ಯಾಯಿನಿಯಾಗಿ, ಥಾರ್ನ್‌ಫೀಲ್ಡ್ ಮಹಲಿನ ಒಡೆಯನಾದ ರಾಚೆಸ್ಟರನನ್ನು ಪ್ರೀತಿಸಿ, ಮದುವೆಯ ದಿನ ಇಗರ್ಜಿಯಲ್ಲಿಯೇ ಅವನ ಮೊದಲ ಹೆಂಡತಿ ಬದುಕಿರುವಳೆಂಬುದನ್ನು ತಿಳಿಯುವ ಕಥೆಯನ್ನು ಅವಳೇ ನಮಗೆ ಹೇಳುವಳು. ಎಲ್ಲವೂ ‘ನಾನು’. ಈ ‘ನಾನು’ ರಂಗಕ್ಕೆ ಬಂದರೆ ಎಲ್ಲಿ ನಿಲ್ಲಬೇಕು? ಅಲ್ಲಿಂದ ಚಿತ್ರಗ್ರಾಹಕ ಯಂತ್ರದ ಮುಂದೆ ಬಂದರೆ ಏನಾಗುವುದು? ಇವೆರಡನ್ನು ಕುರಿತು ನನಗೆ ತೋರಿದುದನ್ನು ಸಹಪಾಠಿಗಳ ಮುಂದಿಡುವೆನು.

ಕಾದಂಬರಿ ಹೊರಬಂದ ಕೆಲವೇ ತಿಂಗಳಲ್ಲಿ, 1848ರಲ್ಲಿ, ಜಾನ್ ಕೋರ್ಟ್ನಿ ಎಂಬಾತನು ಮಾಡಿದ ಇದರ ನಾಟಕರೂಪ ಲಂಡನ್ನಿನ ವಿಕ್ಟೋರಿಯಾ ನಾಟಕಶಾಲೆಯಲ್ಲಿ ಪ್ರದರ್ಶನ ಕಂಡಿತು. ಅದರಲ್ಲಿ ಸೇವಕ ಸೇವಕಿಯರ ಹಾಸ್ಯಪ್ರಸಂಗಗಳು ಸೇರಿದ್ದುವು. ನಮ್ಮ ಕಂಪನಿ ನಾಟಕಗಳನ್ನು ಬಲ್ಲವರಿಗೆ ಇದೇನೂ ಆಶ್ಚರ್ಯವಲ್ಲ. ಟಿಕೀಟು ಕೊಂಡು ಬಂದವನನ್ನು ನಗಿಸದೆ ಕಳುಹಿಸುವುದು ಯಾವ ದೇಶದ ಕಂಪನಿಗೂ ಕಷ್ಟವೇ. ನಮ್ಮ ದೇಶದಲ್ಲಿ 1952ರ ‘ಸಂಗ್‌ದಿಲ್’ ಎಂಬ ಹಿಂದಿ ಚಿತ್ರಕ್ಕೂ ಇದೇ ಕಥೆ ಆಧಾರವಾಯಿತು. ಆದರೆ ನಾನು ಇಲ್ಲಿ ಎತ್ತಿಕೊಂಡಿರುವುದು ಚಿತ್ರಕ್ಕಾಗಿಯೇ ಹೆಣೆದ ಕಥೆಯನ್ನಲ್ಲ. ಪ್ರೇಕ್ಷಕರ ಎದುರಿಗೆ ರಂಗದ ಮೇಲೆ ನಡೆದ ಆಟವನ್ನೇ ಹಿಡಿದಿಟ್ಟ ಚಿತ್ರವನ್ನು.

ಸ್ಯಾಲಿ ಕುಕ್ಸನ್ ಎಂಬ ನಿರ್ದೇಶಕಿ 2014ರಲ್ಲಿ ಬ್ರಿಸ್ಟಲ್ ನಗರದ ಓಲ್ಡ್ ವಿಕ್ ರಂಗಮಂದಿರದಲ್ಲಿ ಎರಡು ಭಾಗಗಳಾಗಿ ಆಡಿಸಿದ ನಾಟಕವು ಮರುವರ್ಷ ಒಂದೇ ಭಾಗವಾಗಿ ಲಂಡನ್ನಿನ ನ್ಯಾಷನಲ್ ಥಿಯೇಟರಿಗೆ ಬಂದಿತು. 2015ರ ಡಿಸೆಂಬರಿನಲ್ಲಿ ಅಲ್ಲಿಂದ ಚಿತ್ರಮಂದಿರಗಳಿಗೆ ಪ್ರಸಾರವಾಯಿತು. ಇದಕ್ಕೆ ಒಬ್ಬ ನಾಟಕಕಾರನಿಲ್ಲ. ತಂಡದವರೆಲ್ಲ ಕಾದಂಬರಿಯನ್ನು ಮುಂದಿಟ್ಟುಕೊಂಡು ಅಭ್ಯಾಸದಲ್ಲಿಯೇ ಕಟ್ಟಿದರು. ರಂಗದ ಮೇಲೆ ಮಹಲೂ ಇಲ್ಲ, ಬಣ್ಣದ ಪರದೆಯೂ ಇಲ್ಲ. ಮರದ ಅಟ್ಟಣೆಗಳು, ಏಣಿಗಳು, ಬಿಳಿಯ ಬಟ್ಟೆ, ಇಷ್ಟೇ. ಪ್ರಯಾಣವೆಂದರೆ ನಟರು ಗುಂಪಾಗಿ ನಿಂತಲ್ಲಿಯೇ ಓಡುವರು. ಕಿಟಕಿ ಬೇಕಾದರೆ ಚೌಕಟ್ಟೊಂದನ್ನು ಕೈಯಲ್ಲಿ ಹಿಡಿಯುವರು. ರಾಚೆಸ್ಟರನ ನಾಯಿಯೂ ಒಬ್ಬ ನಟನೇ. 1934ರಲ್ಲಿ ‘ಕುರುಕ್ಷೇತ್ರ’ಕ್ಕಾಗಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ಕಂಪನಿಯ ವೈಭವಕ್ಕೆ ಇದು ನೇರ ವಿರುದ್ಧವಾದ ದಾರಿ. ನನಗಂತೂ ಇದು ನಮ್ಮ ಬಯಲಾಟಕ್ಕೆ ಹತ್ತಿರವೆಂದು ತೋರಿತು.

ಈ ಮಾತು ಹೊಳೆದುದು ನನಗಲ್ಲ, ನಮ್ಮ ಅಜ್ಜಿಗೆ. 2020ರ ಏಪ್ರಿಲ್ ತಿಂಗಳಿನಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ, ಈ ಚಿತ್ರವನ್ನು ಒಂದು ವಾರ ಯೂಟ್ಯೂಬಿನಲ್ಲಿ ಉಚಿತವಾಗಿ ತೋರಿಸಿದರು. ಕೆಸರೆಯ ನಮ್ಮ ಮನೆಯ ನಡುಮನೆಯಲ್ಲಿ ಅಕ್ಕನೂ ನಾನೂ ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ನೋಡುತ್ತಿದ್ದೆವು. ಇಂಗ್ಲಿಷಿನ ಗಂಧವಿಲ್ಲದ ಅಜ್ಜಿ ಸ್ವಲ್ಪ ಹೊತ್ತು ನೋಡಿ, “ಆ ಕೆಂಪು ಬಟ್ಟೆಯೋಳು ಯಾರು ಮಗ? ಮಾತೇ ಆಡಲ್ಲ, ಬರೀ ಹಾಡ್ತಾಳೆ. ಭಾಗವತರೇನು?” ಎಂದು ಕೇಳಿದರು. ಕಾದಂಬರಿಯನ್ನು ಓದಿದ್ದ ಅಕ್ಕ “ಅವಳೇ ಅಜ್ಜಿ, ಅಟ್ಟದ ಮೇಲೆ ಕೂಡಿಹಾಕಿದ ಹೆಂಡತಿ” ಎಂದಳು.

ಅಜ್ಜಿಯ ಪ್ರಶ್ನೆಯಲ್ಲಿ ನಾಟಕದ ಕೀಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಕಾದಂಬರಿಯಲ್ಲಿ ರಾಚೆಸ್ಟರನ ಹೆಂಡತಿ ಬರ್ತಾ ಮೇಸನ್ ಹತ್ತು ವರ್ಷಗಳಿಂದ ಮಹಲಿನ ಮೂರನೆಯ ಅಂತಸ್ತಿನಲ್ಲಿ ಬಂಧಿತಳು. ಅವಳ ನಗು, ಗುರುಗುಟ್ಟುವಿಕೆ ಕೇಳಿಸುವುದೇ ಹೊರತು ಅವಳ ಒಂದು ಮಾತಾದರೂ ನೇರವಾಗಿ ನಮ್ಮ ಕಿವಿಗೆ ಬೀಳುವುದಿಲ್ಲ. ಅವಳ ವೃತ್ತಾಂತವನ್ನು ಹೇಳುವವನು ಅವಳನ್ನು ಕೂಡಿಹಾಕಿದ ಗಂಡನೇ. (ಜೀನ್ ರೀಸ್ ಎಂಬ ಲೇಖಕಿ 1966ರಲ್ಲಿ ಬರ್ತಾಳ ಕಡೆಯಿಂದ ಬೇರೆ ಕಾದಂಬರಿಯನ್ನೇ ಬರೆದುದು ಈ ಕೊರತೆಯನ್ನು ಕಂಡೇ.) ಕುಕ್ಸನ್ ಮಾಡಿರುವುದೇನೆಂದರೆ, ಬರ್ತಾಳನ್ನು ಮೆಲನಿ ಮಾರ್ಷಲ್ ಎಂಬ ಗಾಯಕಿಗೆ ಒಪ್ಪಿಸಿ, ಜೇನಳ ಬಾಲ್ಯದಿಂದಲೇ ಅವಳನ್ನು ರಂಗದ ಮೇಲೆ ಹಾಡುತ್ತ ಓಡಾಡಿಸಿರುವುದು. ಭಾಗವತನು ಕಥೆಯ ಹೊರಗೆ ನಿಂತು ಹಾಡುವನು. ಅವನಿಗೆ ಏನೂ ಆಗುವುದಿಲ್ಲ, ಆದುದರಿಂದಲೇ ಅವನ ಮಾತನ್ನು ನಂಬುತ್ತೇವೆ. ಇಲ್ಲಿಯೂ ಹಾಗೆಯೇ ನಂಬಿ ಕುಳಿತಿರುವಾಗ, ಮದುವೆ ನಿಂತ ಗಳಿಗೆಯಲ್ಲಿ, ಇಷ್ಟು ಹೊತ್ತು ಕಥೆಯನ್ನು ಹಾಡಿ ನಡೆಸಿದವಳೇ ಕಥೆಯೊಳಗಿನ ಸೆರೆಯಾಳೆಂದು ತಿಳಿಯುವುದು. ಜೇನಳ ‘ನಾನು’ ಆಡಲಾರದುದನ್ನು ಬರ್ತಾ ಹಾಡಿದಳೆಂದಾಯಿತು. ಅವಳ ಹಾಡುಗಳಲ್ಲಿ ನೋಯೆಲ್ ಕವರ್ಡನ ಹಳೆಯ ಹಾಡೂ, 2006ರ ಒಂದು ಜನಪ್ರಿಯ ಗೀತೆಯೂ ಸೇರಿರುವುದು ಮೊದಲು ನನಗೆ ಹಿಡಿಸಲಿಲ್ಲ. ಆಮೇಲೆ, ಜನರ ಬಾಯಲ್ಲಿದ್ದ ಮಟ್ಟುಗಳನ್ನು ನಮ್ಮ ಕಂಪನಿಗಳೂ ಸಂಕೋಚವಿಲ್ಲದೆ ಎತ್ತಿಕೊಳ್ಳುತ್ತಿದ್ದುವಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ನಮ್ಮ ಊರಿನಲ್ಲಿಯೇ ಇದಕ್ಕೆ ಹೋಲಿಕೆ ಉಂಟು. ಕುವೆಂಪು ಅವರ 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಇಡೀ ರಾತ್ರಿಯ ನಾಟಕವಾಗಿ ಆಡಿಸಿದರು, ರಂಗರೂಪ ಕೆ. ವೈ. ನಾರಾಯಣಸ್ವಾಮಿಯವರದು. ಅಲ್ಲಿ ಜೋಗಿಗಳೂ ಹೆಳವರೂ ಬಂದು ಕಥೆ ಹೇಳುವರು. ಆ ಕಾದಂಬರಿಯಲ್ಲಿ ಒಂದು ‘ನಾನು’ ಇಲ್ಲ, ಮಲೆನಾಡೇ ಇದೆ. ಹಾಗಾಗಿ ಊರೂರು ಅಲೆಯುವ ಕಥೆಗಾರರು ಅದಕ್ಕೆ ಒಪ್ಪುವರು. ಪ್ರೇಕ್ಷಕರೂ ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯುವರು. ಎಲ್ಲಿ ನೋಡಬೇಕೆಂಬುದು ಬಹುಮಟ್ಟಿಗೆ ಅವರ ಕಣ್ಣಿಗೇ ಬಿಟ್ಟದ್ದು.

ಚಿತ್ರದಲ್ಲಿ ಈ ಸ್ವಾತಂತ್ರ್ಯವಿಲ್ಲ. ಲಂಡನ್ನಿನ ಟಿಕೀಟು ನಮಗೆ ಎಟುಕುವಂಥದಲ್ಲವಾದುದರಿಂದ ಚಿತ್ರವನ್ನು ಹಳಿಯಲು ನನಗೆ ಮನಸ್ಸು ಬಾರದು. ಅದು ಕೊಡುವುದೂ ಬಹಳ: ಜೇನಳ ಪಾತ್ರ ವಹಿಸಿದ ಮೆಡಲೀನ್ ವರಲ್ ಅವರ ಮುಖ ಪರದೆಯನ್ನು ತುಂಬಿದಾಗ, ಕಾದಂಬರಿಯ ‘ನಾನು’ ನಮ್ಮ ಕಿವಿಯ ಬಳಿ ಕುಳಿತು ಮಾತನಾಡುವ ಸಾಮೀಪ್ಯ ಮರಳಿ ಬರುವುದು, ರಂಗಮಂದಿರದ ಹಿಂದಿನ ಸಾಲಿನವನಿಗೆ ಆ ಭಾಗ್ಯವಿಲ್ಲ. ಆದರೆ ಅದೇ ಗಳಿಗೆಯಲ್ಲಿ ಉಳಿದ ರಂಗವೆಲ್ಲ ಮರೆಯಾಗುವುದು. ರಂಗಮಂದಿರದಲ್ಲಿ ಕುಳಿತವನು ಜೇನ್ ರಾಚೆಸ್ಟರರ ಸಲ್ಲಾಪದ ನಡುವೆ ತಲೆಯೆತ್ತಿ, ಕೆಂಪು ಉಡುಗೆಯವಳು ಎಲ್ಲಿರುವಳೆಂದು ನೋಡಬಲ್ಲನು. ಚಿತ್ರದ ಪ್ರೇಕ್ಷಕನಿಗೆ ಯಂತ್ರವು ಅನುಮತಿ ಕೊಟ್ಟಾಗ ಮಾತ್ರ ಅವಳು ಕಾಣುವಳು. ಕುಕ್ಸನ್ ಅಟ್ಟದಿಂದ ಇಳಿಸಿ ತಂದವಳನ್ನು ಸಮೀಪಚಿತ್ರವು ಮತ್ತೆ ಅಟ್ಟಕ್ಕೆ ಹತ್ತಿಸಿತೆಂದರೆ ಅತಿಶಯೋಕ್ತಿಯಾಗಲಾರದು. ಹಾಡು ಮಾತ್ರ ಚೌಕಟ್ಟಿನ ಆಚೆಯಿಂದಲೂ ಬರುತ್ತಲೇ ಇರುವುದು.

ಇದಾದ ಮೇಲೆ ನಾನು 36ನೆಯ ಅಧ್ಯಾಯವನ್ನು ಮತ್ತೆ ತೆರೆದು ಓದಿದೆನು. ಬರ್ತಾ ಮನೆಗೆ ಬೆಂಕಿಯಿಟ್ಟು ಮಾಳಿಗೆಯಿಂದ ಧುಮುಕಿ ಸತ್ತುದನ್ನು ಅಲ್ಲಿ ಜೇನಳಿಗೆ ಹೇಳುವವನು ಒಂದು ಛತ್ರದ ಯಜಮಾನ. ಅವನ ವರ್ಣನೆ ಕೆಲವೇ ವಾಕ್ಯಗಳಷ್ಟು. ಜೇನಳ ಆತುರವೆಲ್ಲ ರಾಚೆಸ್ಟರನು ಬದುಕಿರುವನೇ, ಎಲ್ಲಿರುವನು ಎಂಬುದರ ಕಡೆಗೆ; ಸತ್ತವಳ ವಿಷಯವಾಗಿ ಅವಳು ಹೆಚ್ಚಿಗೆ ಏನನ್ನೂ ಕೇಳುವುದಿಲ್ಲ.