ಮೊಣಕೈ ಮುರಿದ ಮಗುವಿನ ಬೆರಳುಗಳ ಮೇಲೆ ಕಣ್ಣಿಡುವುದು ಹೇಗೆ? ಹಂತ ಹಂತವಾಗಿ

ಮರದಿಂದಲೋ ಸೈಕಲ್‌ನಿಂದಲೋ ಬೀಳುವಾಗ ಮಕ್ಕಳು ಕೈಯೂರುತ್ತಾರೆ. ಆಗ ಮೊಣಕೈಗೆ ಸ್ವಲ್ಪ ಮೇಲೆ ಮೂಳೆ ಮುರಿಯುವುದು 5ರಿಂದ 7 ವರ್ಷದವರಲ್ಲಿ ಹೆಚ್ಚು. ಕೈಗೆ ರಕ್ತ ಒಯ್ಯುವ ದೊಡ್ಡ ನಾಳ ಅಲ್ಲೇ ಮುಂದೆ ಹಾದುಹೋಗುತ್ತದೆ. ಮುರಿದ ತುದಿ ಅದನ್ನು ಒತ್ತಿದರೆ, ಇಲ್ಲವೇ ಊತದ ಮೇಲೆ ಪಟ್ಟಿ ಬಿಗಿಯಾದರೆ, ಮುಂಗೈ ಸ್ನಾಯುಗಳಿಗೆ ರಕ್ತ ಸಿಗುವುದಿಲ್ಲ. 6ರಿಂದ 8 ಗಂಟೆ ಹೀಗೇ ಕಳೆದರೆ ಸ್ನಾಯು ಸತ್ತು ನಾರಾಗುತ್ತದೆ, ಬೆರಳುಗಳು ಮಡಚಿಕೊಂಡೇ ಉಳಿಯುತ್ತವೆ. ಜರ್ಮನಿಯ ಸರ್ಜನ್ ಫೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸಿದರು. ಕಾಯಿಲೆಗೆ ಅವರದೇ ಹೆಸರು. ಭಯಪಡಬೇಡಿ, ಹೊತ್ತಿಗೆ ಸರಿಯಾಗಿ ಗುರುತಿಸಿದರೆ ಇದನ್ನು ತಡೆಯಬಹುದು.

1. ಮೊದಲು ಆಸ್ಪತ್ರೆಗೆ ಹೋಗಿ. ಊದಿದ ಮೊಣಕೈಯನ್ನು ಎಳೆಯಬೇಡಿ, ತಿಕ್ಕಬೇಡಿ, ಮಡಚಬೇಡಿ. ನಾಟಿ ಕಟ್ಟು ಬೇಡವೇ ಬೇಡ. ಬಿದಿರುಪಟ್ಟಿ ಇಟ್ಟು ಬಿಗಿದ ಕಟ್ಟಿನೊಳಗೆ ಊತಕ್ಕೆ ಜಾಗವಿರುವುದಿಲ್ಲ.

2. ಪಟ್ಟಿ ಹಾಕಿದ ಮೇಲೆ ಬೆರಳ ತುದಿಗಳು ಹೊರಗೆ ಕಾಣುತ್ತವೆಯೇ ನೋಡಿ. ಕಾಣದಿದ್ದರೆ ಆಗಲೇ ಡಾಕ್ಟರಿಗೆ ಹೇಳಿ, ಸಂಕೋಚ ಬೇಡ.

3. ಉಗುರನ್ನು ಮೆಲ್ಲಗೆ ಒತ್ತಿ ಬಿಡಿ. 2 ಸೆಕೆಂಡಿನೊಳಗೆ ಕೆಂಪು ಮರಳಬೇಕು. ಇನ್ನೊಂದು ಕೈಯ ಉಗುರನ್ನೂ ಒತ್ತಿ ಹೋಲಿಸಿ.

4. ಬೆರಳು ಮುಟ್ಟಿ ನೋಡಿ. ತಣ್ಣಗಿದ್ದರೆ, ಬಿಳಿಚಿದ್ದರೆ, ಜೋಮು ಹಿಡಿದಿದೆ ಅಂತ ಮಗು ಹೇಳಿದರೆ ಅದು ಎಚ್ಚರಿಕೆ.

5. ಬೆರಳುಗಳನ್ನು ನೀವೇ ನಿಧಾನವಾಗಿ ನೇರ ಮಾಡಿ. ಆಗ ಮುಂಗೈಯಲ್ಲಿ ತಡೆಯಲಾರದ ನೋವು ಬಂದರೆ ಅದೇ ಅತಿ ಮುಖ್ಯ ಸುಳಿವು. ಇಲ್ಲಿ ಬಹಳ ಜನ ಎಡವುತ್ತಾರೆ: ಮಣಿಕಟ್ಟಿನಲ್ಲಿ ನಾಡಿ ಸಿಕ್ಕಿತು ಅಂತ ಸುಮ್ಮನಾಗುತ್ತಾರೆ. ನಾಡಿ ಬಡಿಯುತ್ತಿದ್ದರೂ ಒಳಗೆ ಸ್ನಾಯು ಸಾಯುತ್ತಿರಬಹುದು.

6. ಅಳುವನ್ನು ಗಮನಿಸಿ. ಮೂಳೆ ಮುರಿದ ನೋವು ಅಲುಗಾಡದಂತೆ ಕಟ್ಟಿ ಔಷಧಿ ಕೊಟ್ಟ ಮೇಲೆ ಇಳಿಯುತ್ತಾ ಬರಬೇಕು. ಇಳಿಯುವ ಬದಲು ಏರುತ್ತಿದ್ದರೆ, ಮಗು ಚಡಪಡಿಸುತ್ತಾ ಮತ್ತೆ ಮತ್ತೆ ನೋವಿನ ಔಷಧಿ ಕೇಳಿದರೆ, ಹಟ ಅಂದುಕೊಂಡು ಗದರಬೇಡಿ. ಚಿಕ್ಕ ಮಗುವಿಗೆ ಜೋಮು ಅಂತ ಹೇಳಲು ಬರುವುದಿಲ್ಲ. ಅದು ಅಳುವುದೊಂದನ್ನೇ ಬಲ್ಲದು.

7. ಮೊದಲ ಎರಡು ದಿನ ಈ ಪರೀಕ್ಷೆಯನ್ನು ಗಂಟೆಗೊಮ್ಮೆ ಮಾಡಿ. ರಾತ್ರಿಯೂ ಎದ್ದು ನೋಡಿ.

8. ಅನುಮಾನ ಬಂತೇ? ಕೈಯನ್ನು ಎದೆಯ ಮಟ್ಟದಲ್ಲಿಡಿ. ಅದಕ್ಕಿಂತ ಮೇಲೆತ್ತಿದರೆ ರಕ್ತ ಇನ್ನೂ ಕಡಿಮೆಯಾಗುತ್ತದೆ.

9. ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಆಪರೇಷನ್ ಬೇಕಾಗಬಹುದು, ಆದ್ದರಿಂದ ದಾರಿಯಲ್ಲಿ ಏನೂ ತಿನ್ನಿಸಬೇಡಿ.

10. ಅಲ್ಲಿ ಪಟ್ಟಿಯನ್ನು ಒಳಗಿನ ಹತ್ತಿಯ ಸಮೇತ ಸೀಳಿ ಬಿಡಿಸುತ್ತಾರೆ. ಒತ್ತಡ ಇಳಿಯದಿದ್ದರೆ ಸ್ನಾಯುವಿನ ಮೇಲಿನ ಪೊರೆಯನ್ನು ಉದ್ದಕ್ಕೆ ಕೊಯ್ದು ಜಾಗ ಮಾಡಿಕೊಡುತ್ತಾರೆ. ಗಾಯ ದೊಡ್ಡದಾಗಿ ಕಂಡರೂ ಗಾಬರಿಯಾಗಬೇಡಿ, ಒಪ್ಪಿಗೆ ಕೊಡಲು ತಡಮಾಡಬೇಡಿ.

ಬೆಳಗಾಗಲಿ, ನೋಡೋಣ ಅಂತ ಮಾತ್ರ ಕಾಯಬೇಡಿ. ನಡುರಾತ್ರಿಯಾದರೂ ಹೊರಡಿ.