ಹಳೆಯ ಮೋಟಾರ್ ಸೈಕಲ್‌ಗಳ ಡಿಸ್ಕ್ ಬ್ರೇಕ್: ದೋಷ ಪತ್ತೆ ಮತ್ತು ದುರಸ್ತಿ

ಕರ ವಸೂಲಿ, ನೀರು ಸರಬರಾಜಿನ ತಪಾಸಣೆ, ಕಾಮಗಾರಿಗಳ ಸ್ಥಳ ಪರಿಶೀಲನೆ ಮುಂತಾದ ಕರ್ತವ್ಯಗಳಿಗೆ ಗ್ರಾಮ ಪಂಚಾಯಿತಿ ಸಿಬ್ಬಂದಿಯು ಬಹುಮಟ್ಟಿಗೆ ಸ್ವಂತ ಮೋಟಾರ್ ಸೈಕಲ್‌ಗಳನ್ನೇ ಅವಲಂಬಿಸಿದ್ದಾರೆ. 125 ಸಿಸಿ ಮೀರಿದ ಹೊಸ ದ್ವಿಚಕ್ರ ವಾಹನಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯವಾಗಿದೆ. ಅದಕ್ಕೂ ಹಿಂದಿನ ಬಹುತೇಕ ವಾಹನಗಳಲ್ಲಿ ಈ ರಕ್ಷಣೆ ಇಲ್ಲ. ಅಂತಹ ವಾಹನಗಳ ಮುಂಚಕ್ರದ ಡಿಸ್ಕ್ ಬ್ರೇಕ್ ಕುರಿತು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಾರ್ಯವಿಧಾನ

ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲ್‌ನ ನಿಯಮವೇ ಈ ಬ್ರೇಕಿನ ಆಧಾರ. ಲಿವರ್ ಹಿಡಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ತಳ್ಳುತ್ತದೆ. ಆ ಒತ್ತಡವು ಹೋಸ್ ಮೂಲಕ ಸಾಗಿ ಕ್ಯಾಲಿಪರಿನ ಪಿಸ್ಟನ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವಂತೆ ಮಾಡುತ್ತದೆ. ಉದಾಹರಣೆಗೆ, ಮೇಲಿನ ಪಿಸ್ಟನ್ 12 ಮಿ.ಮೀ., ಕೆಳಗಿನದು 30 ಮಿ.ಮೀ. ವ್ಯಾಸದ್ದಾಗಿದ್ದರೆ ಬಲವು 6.25 ಪಟ್ಟು ಹೆಚ್ಚುತ್ತದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆದುದರಿಂದ ಕೊಳವೆಯೊಳಗೆ ಸೇರಿದ ಸಣ್ಣ ಗುಳ್ಳೆಯೂ ಈ ಬಲವನ್ನು ನುಂಗಿಬಿಡುತ್ತದೆ.

ಲಕ್ಷಣ ಮತ್ತು ಕಾರಣ

1. ಲಿವರ್ ಮೆತ್ತಗಿದ್ದು, ಎರಡು ಮೂರು ಬಾರಿ ಒತ್ತಿದ ಮೇಲೆ ಗಟ್ಟಿಯಾದರೆ ಒಳಗೆ ಗಾಳಿ ಸೇರಿದೆ ಎಂದು ತಿಳಿಯಬೇಕು. ಗಾಳಿ ತೆಗೆದ ನಂತರವೂ ಮೆತ್ತಗೇ ಇದ್ದರೆ ಹಳೆಯ ರಬ್ಬರ್ ಹೋಸ್ ಉಬ್ಬುತ್ತಿರುವ ಸಂಭವವಿದೆ.

2. ಲಿವರನ್ನು ಒತ್ತಿ ಹಿಡಿದಾಗ ಅದು ನಿಧಾನವಾಗಿ ಹಿಡಿಕೆಯತ್ತ ಕುಸಿದರೆ ಮೊದಲು ಹೊರಗಿನ ಸೋರಿಕೆಯನ್ನು ನೋಡಬೇಕು. ಎಲ್ಲಿಯೂ ಸೋರಿಕೆ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಒಳ ಸೀಲು ಸವೆದಿರುತ್ತದೆ.

3. ಲಿವರ್ ಗಟ್ಟಿಯಾಗಿದ್ದೂ ವಾಹನ ನಿಲ್ಲದಿದ್ದರೆ ಪ್ಯಾಡ್ ಸವೆದಿರುತ್ತದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿರುತ್ತದೆ. ಎಣ್ಣೆ ಹೀರಿದ ಪ್ಯಾಡನ್ನು ಬದಲಿಸುವುದೇ ಸೂಕ್ತ.

4. ಲಿವರ್ ಬಿಟ್ಟರೂ ಚಕ್ರ ಬಿಗಿಯಾಗಿದ್ದರೆ, ಕ್ಯಾಲಿಪರಿನ ಬ್ಲೀಡರ್ ನಿಪ್ಪಲನ್ನು ಸ್ವಲ್ಪ ಸಡಿಲಿಸಿ ಪರೀಕ್ಷಿಸಬೇಕು. ಆಗ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡವು ಒಳಗೇ ಸಿಕ್ಕಿಕೊಂಡಿದೆ ಎಂದರ್ಥ; ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಹಿಂದಿರುಗುವ ಸಣ್ಣ ರಂಧ್ರ ಕಟ್ಟಿರುತ್ತದೆ ಅಥವಾ ಹೋಸ್ ಒಳಗಡೆ ಊದಿರುತ್ತದೆ. ಆಗಲೂ ತಿರುಗದಿದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಪಿನ್ನು ತುಕ್ಕು ಹಿಡಿದಿರುತ್ತದೆ. ಈ ಒಂದು ಪರೀಕ್ಷೆಯಿಂದ ಅನಾವಶ್ಯಕ ಬಿಡಿಭಾಗಗಳ ಖರ್ಚು ತಪ್ಪುತ್ತದೆ.

5. ಡಬ್ಬಿಯಲ್ಲಿ ಆಯಿಲ್ ಮಟ್ಟ ಇಳಿದಿರುವುದು ಯಾವಾಗಲೂ ಸೋರಿಕೆಯ ಗುರುತಲ್ಲ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದಕ್ಕೆ ಬಂದು, ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆ. ಆದ್ದರಿಂದ ಆಯಿಲ್ ಸುರಿಯುವ ಮೊದಲು ಪ್ಯಾಡನ್ನು ನೋಡತಕ್ಕದ್ದು.

ಆಯಿಲಿನ ಆಯ್ಕೆ

ಡಾಟ್ 3 ಮತ್ತು ಡಾಟ್ 4 ಆಯಿಲುಗಳು ಗಾಳಿಯಲ್ಲಿನ ತೇವವನ್ನು ಹೀರುತ್ತವೆ. ಹೊಸ ಡಾಟ್ 4 ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ತೇವ ಸೇರಿದ ಸ್ಥಿತಿಗೆ ನಿಗದಿಪಡಿಸಿದ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಘಾಟಿ ಇಳಿಯುವಾಗ ಬ್ರೇಕನ್ನು ಸತತವಾಗಿ ಹಿಡಿದರೆ ಹಳೆಯ ಆಯಿಲ್ ಕುದಿದು ಆವಿಯಾಗಿ, ಲಿವರ್ ಪೂರ್ತಿ ಒಳಗೆ ಹೋದರೂ ವಾಹನ ನಿಲ್ಲದೆ ಪ್ರಾಣಾಪಾಯ ಸಂಭವಿಸಬಹುದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಒಳ್ಳೆಯ ರೂಢಿ. ಡಬ್ಬಿಯ ಮುಚ್ಚಳದ ಮೇಲೆ ನಮೂದಿಸಿದ ದರ್ಜೆಯನ್ನೇ ಬಳಸತಕ್ಕದ್ದು. ಸಿಲಿಕೋನ್ ಆಧಾರಿತ ಡಾಟ್ 5 ಅನ್ನು ಇವುಗಳೊಂದಿಗೆ ಬೆರೆಸಕೂಡದು.

ಗಾಳಿ ತೆಗೆಯುವ ಕ್ರಮ

ಬ್ರೇಕ್ ಆಯಿಲ್ ಬಣ್ಣವನ್ನು ಕಿತ್ತುಬಿಡುವುದರಿಂದ ಪೆಟ್ರೋಲ್ ಟ್ಯಾಂಕಿಗೆ ಬಟ್ಟೆ ಹೊದಿಸಿ, ಕಣ್ಣಿಗೆ ಕನ್ನಡಕ ಧರಿಸಿರಿ. ಹಳೆಯ ನಿಪ್ಪಲ್ ತುಕ್ಕು ಹಿಡಿದಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ದ್ರಾವಣ ಹಾಕಿ, ರಿಂಗ್ ಸ್ಪ್ಯಾನರಿನಿಂದಲೇ ಸಡಿಲಿಸಿರಿ. ದ್ರಾವಣವು ಡಿಸ್ಕ್ ಮತ್ತು ಪ್ಯಾಡಿಗೆ ತಾಗಬಾರದು. ನಂತರ,

(ಅ) ನಿಪ್ಪಲಿಗೆ ಪಾರದರ್ಶಕ ಪೈಪು ತೊಡಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿರಿ.
(ಆ) ಲಿವರನ್ನು ನಾಲ್ಕೈದು ಬಾರಿ ಒತ್ತಿ, ಕೊನೆಯಲ್ಲಿ ಒತ್ತಿಯೇ ಹಿಡಿಯಿರಿ.
(ಇ) ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿರಿ. ಆಯಿಲ್ ಹೊರಬಂದ ಕೂಡಲೇ ಬಿಗಿ ಮಾಡಿ, ಆಮೇಲೆಯೇ ಲಿವರನ್ನು ಬಿಡಿರಿ. ಈ ಅನುಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಹೋಗುತ್ತದೆ.
(ಈ) ಗುಳ್ಳೆ ನಿಂತು ಶುಭ್ರ ಆಯಿಲ್ ಬರುವವರೆಗೆ ಪುನರಾವರ್ತಿಸಿರಿ. ಡಬ್ಬಿ ಬರಿದಾಗದಂತೆ ತುಂಬುತ್ತಿರಿ.

ಕ್ಯಾಲಿಪರ್ ದುರಸ್ತಿ

ಸಿಕ್ಕಿಕೊಂಡ ಪಿಸ್ಟನನ್ನು ಇಕ್ಕಳದಿಂದ ಎಳೆಯದೆ ಲಿವರಿನ ಒತ್ತಡದಿಂದಲೇ ಹೊರತರಬೇಕು. ಪಿಸ್ಟನಿನ ಸುತ್ತಲಿನ ಸೀಲು ಆಯಿಲನ್ನು ತಡೆಯುವುದರ ಜೊತೆಗೆ, ಲಿವರ್ ಬಿಟ್ಟಾಗ ಪಿಸ್ಟನನ್ನು ಹಿಂದಕ್ಕೂ ಎಳೆಯುತ್ತದೆ. ಆದುದರಿಂದ ಬಿಚ್ಚಿದಾಗ ಸೀಲನ್ನು ಬದಲಿಸಿ. ರಬ್ಬರ್ ಭಾಗಗಳನ್ನು ಪೆಟ್ರೋಲ್ ಅಥವಾ ಡೀಸೆಲಿನಿಂದ ತೊಳೆದರೆ ಅವು ಊದಿ ಕೆಡುತ್ತವೆ; ಹೊಸ ಬ್ರೇಕ್ ಆಯಿಲಿನಿಂದಲೇ ಶುಚಿಗೊಳಿಸಬೇಕು. ಹೋಸ್ ಬಿಚ್ಚಿದಲ್ಲಿ ಅದರ ವಾಷರುಗಳನ್ನೂ ಹೊಸದಾಗಿ ಹಾಕಬೇಕು. ಪಿಸ್ಟನಿನಲ್ಲಿ ತುಕ್ಕಿನ ಗುಳಿ ಇದ್ದರೆ, ಅಥವಾ ಡಿಸ್ಕಿನ ದಪ್ಪ ಅದರ ಮೇಲೆ ಕೊರೆದ ಕನಿಷ್ಠ ಅಳತೆಗಿಂತ ಕಡಿಮೆಯಾಗಿದ್ದರೆ ಬದಲಾವಣೆಯೇ ಪರಿಹಾರ.

ಅಂತಿಮ ಪರೀಕ್ಷೆ

ಲಿವರನ್ನು ಒಂದು ನಿಮಿಷ ಬಲವಾಗಿ ಹಿಡಿದು ಕುಸಿತ ಹಾಗೂ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಜನಸಂಚಾರವಿಲ್ಲದ ಬಯಲಿನಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು. ಪ್ಯಾಡಿನ ತಪಾಸಣೆ ಮತ್ತು ಗಾಳಿ ತೆಗೆಯುವುದು ಆಸಕ್ತರು ಕಲಿಯಬಹುದಾದ ಕೆಲಸ. ಸೀಲು ಬದಲಾವಣೆಯನ್ನು ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸುವುದು ಕ್ಷೇಮ. ಲಿವರ್ ಮೆತ್ತಗಿರುವ ವಾಹನವನ್ನು ದುರಸ್ತಿಯಾಗುವವರೆಗೆ, ಎಷ್ಟೇ ತುರ್ತು ಕೆಲಸವಿದ್ದರೂ, ರಸ್ತೆಗೆ ಇಳಿಸಕೂಡದು.