ಓದು ಇಷ್ಟೇ ಇರಲಿ, ಸಂಬಳ ಏರಲಿ

ಪೀಣ್ಯದ ಶೆಡ್ಡುಗಳಲ್ಲಿ, ರಾಜಾಜಿನಗರದ ಆಡಿಟರ್ ಆಫೀಸುಗಳಲ್ಲಿ, ಹುಬ್ಬಳ್ಳಿಯ ಶೋರೂಮುಗಳಲ್ಲಿ ಪಿಯುಸಿ, ಐಟಿಐ, ಬಿ.ಕಾಂ. ಮುಗಿಸಿ ಹದಿನಾರು–ಹದಿನೆಂಟು ಸಾವಿರಕ್ಕೆ ನಿಂತುಹೋದವರು ಬೇಕಾದಷ್ಟು ಮಂದಿ. ಸಂಬಳದ ಮಾತೆತ್ತಿದರೆ ಎಲ್ಲರದೂ ಒಂದೇ ಸಲಹೆ: ‘ಕರೆಸ್ಪಾಂಡೆನ್ಸ್‌ನಲ್ಲಿ ಇನ್ನೊಂದು ಡಿಗ್ರಿ ಮಾಡ್ಕೋ.’ ಎರಡು ವರ್ಷದ ಫೀಸೂ ನಿದ್ದೆಯೂ ಖರ್ಚಾದ ಮೇಲೆ ನೋಡಿದರೆ ಅದೇ ಕುರ್ಚಿ. ಮನೆ ಜವಾಬ್ದಾರಿ ಹೊತ್ತವರು ಅದಕ್ಕೆ ಕೈಹಾಕುವ ಮುಂಚೆ ಒಮ್ಮೆ ಅಕ್ಕಪಕ್ಕ ಕಣ್ಣಾಡಿಸಲಿ. ಹೆಚ್ಚು ಸಂಬಳದ ಕೆಲಸ ಸಾಮಾನ್ಯವಾಗಿ ಈಗಿನ ಕೆಲಸದ ಮಗ್ಗುಲಲ್ಲೇ ಇರುತ್ತದೆ.

1. ಮೇಲಿನವರ ಕೆಲಸ ಕಲಿಯಿರಿ

ಸಿಎನ್‌ಸಿ ಮಷಿನ್ ಶಾಪನ್ನೇ ತೆಗೆದುಕೊಳ್ಳಿ. ಆಪರೇಟರ್ ಜಾಬ್ ಹಾಕುತ್ತಾನೆ, ಬಾಗಿಲು ಎಳೆಯುತ್ತಾನೆ, ಸೈಕಲ್ ಸ್ಟಾರ್ಟ್ ಒತ್ತುತ್ತಾನೆ, ಮುಗಿದ ಮೇಲೆ ತೆಗೆಯುತ್ತಾನೆ. ಸೆಟ್ಟರ್ ಬರುವುದು ಹೊಸ ಜಾಬ್ ಬಂದಾಗ, ಇಲ್ಲವೇ ಟೂಲ್ ಬದಲಾದಾಗ. ಆಫ್‌ಸೆಟ್ ತೆಗೆದು, ಮೊದಲ ಪೀಸ್ ಹೊಡೆದು, ಮೈಕ್ರೋಮೀಟರ್ ಹಿಡಿದು ನೋಡುತ್ತಾನೆ. 25 ಮಿ.ಮೀ. ಬರಬೇಕಾದ ವ್ಯಾಸ 25.02 ಬಂದಿದೆ ಅನ್ನಿ. ವೇರ್ ಆಫ್‌ಸೆಟ್‌ನಲ್ಲಿ 0.02 ಇಳಿಸಿ ಇನ್ನೊಂದು ಪೀಸ್ ಹೊಡೆಯುತ್ತಾನೆ. ಅದು ಪಾಸಾದರೆ ಬ್ಯಾಚ್ ಶುರು. ಅವನ ಸಂಬಳ ಹೆಚ್ಚಿರುವುದು ಈ ಸ್ವಲ್ಪ ಹೊತ್ತಿನ ಕೆಲಸಕ್ಕೇ. ಆಪರೇಟರ್ ತಪ್ಪಿದರೆ ಒಂದು ಪೀಸ್ ಹಾಳು, ಸೆಟ್ಟರ್ ತಪ್ಪಿದರೆ ಇಡೀ ಲಾಟು. ನೈಟ್ ಶಿಫ್ಟಿಗೆ ಸೆಟ್ಟರ್ ಬರದ ದಿನ ಸೂಪರ್‌ವೈಸರ್ ‘ಯಾರಾದ್ರೂ ನೋಡ್ರಪ್ಪಾ’ ಅನ್ನುತ್ತಾರಲ್ಲ, ಆಗ ಹಿಂದೆ ಸರಿಯಬೇಡಿ.

ಅಕೌಂಟ್ಸ್‌ನಲ್ಲೂ ಇದೇ ಕತೆ. ಟ್ಯಾಲಿಯಲ್ಲಿ ಬಿಲ್ ಎಂಟ್ರಿ ಮಾಡುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ತಿಂಗಳ 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ಹಾಕಿ, ನಡುವೆ ಸಪ್ಲೈಯರ್‌ಗಳು ತೋರಿಸಿದ ಬಿಲ್ಲುಗಳ ಪಟ್ಟಿಯಾದ 2ಬಿ ತೆಗೆದು ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ, ‘ಈ ಸಪ್ಲೈಯರ್ ರಿಟರ್ನ್ ಹಾಕಿಲ್ಲ ಸಾರ್, ನಮ್ಮ ಕ್ರೆಡಿಟ್ ನಿಂತಿದೆ’ ಎಂದು ಮಾಲೀಕರಿಗೆ ಹೇಳಬಲ್ಲವರು ಕಡಿಮೆ. ಇದು ಕಾಲೇಜಿನ ಪಾಠದಿಂದಷ್ಟೇ ಬರುವಂಥದ್ದಲ್ಲ. ಆಡಿಟರ್ ಆಫೀಸಿನ ಸೀನಿಯರ್ ಪಕ್ಕ ನಾಲ್ಕಾರು ತಿಂಗಳು ಕುರ್ಚಿ ಎಳೆದುಕೊಂಡು ಕೂತರೆ ಬರುತ್ತದೆ.

2. ಡಿಗ್ರಿ ಬಿಡಿ, ಪರ್ಮಿಟ್ಟು ನೋಡಿ

ಕೆಲವು ಕಾಗದಗಳು ಪದವಿಗಿಂತ ಬೇಗ ಸಂಬಳ ಏರಿಸುತ್ತವೆ. ವೈರಿಂಗ್ ಗೊತ್ತಿದ್ದೂ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಇಲ್ಲದವರು ಹೆಲ್ಪರ್ ಕೂಲಿಯಲ್ಲೇ ಉಳಿಯುತ್ತಾರೆ. ಕಾರು ಓಡಿಸುವವರ ಲಘು ವಾಹನ ಲೈಸೆನ್ಸಿಗೆ ಒಂದು ವರ್ಷ ತುಂಬಿದ್ದರೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸಿಗೆ (ಎಲ್‌ಎಲ್) ಅರ್ಜಿ ಹಾಕಬಹುದು. ಅದಕ್ಕೆ 8ನೇ ತರಗತಿ ಓದಿರಲೇಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲೇ ತೆಗೆದುಹಾಕಿದೆ. ಲಾರಿ ಓಡಿಸುವವರು ಅಪಾಯಕಾರಿ ಸರಕು ಸಾಗಣೆಯ ಮೂರು ದಿನದ ತರಬೇತಿ ಮುಗಿಸಿ ಲೈಸೆನ್ಸಿನಲ್ಲಿ ನಮೂದು ಮಾಡಿಸಿಕೊಂಡರೆ ಪೆಟ್ರೋಲ್, ಗ್ಯಾಸ್ ಟ್ಯಾಂಕರ್‌ಗಳ ಬಾಗಿಲು ತೆರೆಯುತ್ತದೆ.

ಕೆಲಸ ಮಾಡಿಯೇ ಕಲಿತವರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿದೆ. ಸಿಕ್ಕರೆ ಮಾಡಿಸಿಕೊಳ್ಳಿ. ಆದರೆ ಅದೊಂದನ್ನೇ ನೋಡಿ ಸಂಬಳ ಏರಿಸುವ ಮಾಲೀಕರನ್ನು ನಿರೀಕ್ಷಿಸಬೇಡಿ.

3. ರೆಸ್ಯೂಮೆಯಲ್ಲಿ ಲೆಕ್ಕ ಇರಲಿ

‘ಕಠಿಣ ಪರಿಶ್ರಮಿ’ ಎಂದು ಎಲ್ಲರೂ ಬರೆಯುತ್ತಾರೆ. ಎಷ್ಟು ಮಷಿನ್, ಯಾವ ಕಂಟ್ರೋಲರ್, ಎಷ್ಟು ಪಾರ್ಟಿಗಳ ರಿಟರ್ನ್, ಎಷ್ಟು ಜನರ ಟೀಮು ಎಂಬುದನ್ನು ಬರೆಯಿರಿ. ತಂದೆಯ ಹೆಸರು, ಹವ್ಯಾಸ, ಕೆಳಗಿನ ಡಿಕ್ಲರೇಷನ್ ಎಲ್ಲ ಕಿತ್ತು ಒಂದೇ ಪುಟಕ್ಕೆ ತನ್ನಿ.

4. ಹತ್ತು ಕಡೆ ಓಡಾಡುವವರ ಪರಿಚಯ ಇಟ್ಟುಕೊಳ್ಳಿ

ಆ್ಯಪುಗಳಲ್ಲಿ ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಯಾವ ಶಾಪಿನಲ್ಲಿ ಸೆಟ್ಟರ್ ಬಿಟ್ಟುಹೋದ ಎಂಬುದು ಮೊದಲು ಗೊತ್ತಾಗುವುದು ಮಷಿನ್ ಸರ್ವಿಸ್ ಎಂಜಿನಿಯರ್‌ಗೆ, ಇನ್ಸರ್ಟ್ ಮಾರಲು ಬರುವ ಸೇಲ್ಸ್‌ನವರಿಗೆ. ಯಾವ ಆಫೀಸಿನ ಅಕೌಂಟೆಂಟ್ ನೋಟಿಸ್ ಕೊಟ್ಟರು ಎಂಬುದು ಆಡಿಟರ್‌ಗೆ ಗೊತ್ತು. ಇಂಥವರು ಬಂದಾಗ ಟೀ ಕುಡಿಸಿ, ನಂಬರ್ ತೆಗೆದುಕೊಳ್ಳಿ. ‘ಅಣ್ಣಾ, ನಾನೀಗ ಸೆಟ್ಟಿಂಗೂ ಮಾಡ್ತೀನಿ, ಎಲ್ಲಾದ್ರೂ ಇದ್ರೆ ಹೇಳಿ’ ಎಂಬ ಒಂದು ಮಾತು ಕಿವಿಗೆ ಬಿದ್ದಿರಲಿ.

5. ಬಿಡುವ ಮುಂಚೆ ಇರುವಲ್ಲೇ ಒಮ್ಮೆ ಕೇಳಿ

ಏಪ್ರಿಲ್‌ನಲ್ಲಿ ಕೇಳಿದರೆ ಹೊತ್ತು ಮೀರಿರುತ್ತದೆ, ಇನ್‌ಕ್ರಿಮೆಂಟ್ ಪಟ್ಟಿ ಅಷ್ಟರಲ್ಲಿ ಸಿದ್ಧ. ಜನವರಿ, ಫೆಬ್ರವರಿಯಲ್ಲೇ ಮಾತೆತ್ತಿ. ಮನೆಯ ಕಷ್ಟ ಹೇಳಿಕೊಂಡರೆ ಅಡ್ವಾನ್ಸ್ ಸಿಕ್ಕೀತು, ಇನ್‌ಕ್ರಿಮೆಂಟ್ ಸಿಗದು. ‘ಸಾರ್, ದೀಪಾವಳಿಯಿಂದ ಸೆಕೆಂಡ್ ಶಿಫ್ಟಿನ ಸೆಟ್ಟಿಂಗ್ ನಾನೇ ನೋಡ್ತಿದ್ದೀನಿ. ಸಂಬಳ ಮಾತ್ರ ಆಪರೇಟರ್‌ದೇ ಇದೆ. ಸೆಟ್ಟರ್ ಗ್ರೇಡಿಗೆ ಹಾಕಿಕೊಡಿ’ ಎನ್ನಿ. ಇಷ್ಟು ಹೇಳಿ ಸುಮ್ಮನಿರಿ. ನಾವು ಹೆಚ್ಚಾಗಿ ಎಡವುವುದು ಇಲ್ಲೇ. ಎದುರಿನವರು ಬಾಯಿ ಬಿಡುವ ಮುಂಚೆಯೇ ‘ಪರವಾಗಿಲ್ಲ ಸಾರ್, ನಿಧಾನಕ್ಕೆ ನೋಡಿ’ ಎಂದುಬಿಡುತ್ತೇವೆ.

6. ಗಂಟೆಗೆ ಎಷ್ಟು ಬಿತ್ತು?

ಈಗಿನ ಕೆಲಸ 8 ಗಂಟೆಯ ಶಿಫ್ಟು, 26 ದಿನ, 18,000 ರೂಪಾಯಿ. ಹೊಸ ಕಡೆ 22,000, ಆದರೆ 12 ಗಂಟೆ. ಮೊದಲನೆಯದರಲ್ಲಿ ಗಂಟೆಗೆ 86 ರೂಪಾಯಿ ಚಿಲ್ಲರೆ, ಎರಡನೆಯದರಲ್ಲಿ 70 ಚಿಲ್ಲರೆ. ನಾಲ್ಕು ಸಾವಿರ ಹೆಚ್ಚು ಬಂತೆಂದು ಸಿಹಿ ಹಂಚಿದವರು ದುಡಿಮೆಯ ದರ ಇಳಿಸಿಕೊಂಡಿರುತ್ತಾರೆ. ಕಾರ್ಖಾನೆಯಲ್ಲಿ ಓಟಿಗೆ ಎರಡು ಪಟ್ಟು ಕೂಲಿ ಎಂಬುದು ಕಾನೂನು. ‘ಕನ್ಸಾಲಿಡೇಟೆಡ್’ ಎಂಬ ಮಾತು ಕೇಳಿಸಿದರೆ ಓಟಿ ಅದರಲ್ಲೇ ಸೇರಿದೆಯೇ ಎಂದು ಕೇಳಿ.

ಕಂಪನಿ ಬಸ್ಸು, ಕ್ಯಾಂಟೀನ್ ಊಟ ಕೂಡ ಸಂಬಳವೇ. ದಾವಣಗೆರೆಯಲ್ಲಿ ಸ್ವಂತ ಮನೆಯಲ್ಲಿದ್ದು 16,000 ದುಡಿಯುವವರು 22,000ಕ್ಕೆಂದು ಬೆಂಗಳೂರಿಗೆ ಬಂದರೆ ಬಾಡಿಗೆ, ಅಡ್ವಾನ್ಸು, ನೀರಿನ ಟ್ಯಾಂಕರು ಸೇರಿ ಕೈಗೆ ಮೊದಲಿಗಿಂತ ಕಡಿಮೆಯೇ ಉಳಿದೀತು.

7. ಸಿಟಿಸಿ ಕೇಳಿ ಮರುಳಾಗಬೇಡಿ

ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ‘ವರ್ಷಕ್ಕೆ 3 ಲಕ್ಷ’ ಎಂದರೆ ತಿಂಗಳಿಗೆ 25,000 ಕೈಗೆ ಬರುವುದಿಲ್ಲ. ಬೇಸಿಕ್ 15,000 ಎಂದಿಟ್ಟುಕೊಳ್ಳಿ. ಕಂಪನಿ ಪಾಲಿನ ಪಿಎಫ್ 12%, ಅಂದರೆ 1,800, ಅದರೊಳಗೇ ಇದೆ. ಗ್ರಾಚ್ಯುಟಿಯ ಲೆಕ್ಕಕ್ಕೆ ಸುಮಾರು 720. ನಿಮ್ಮ ಪಾಲಿನ ಪಿಎಫ್ ಇನ್ನೊಂದು 1,800. ಉಳಿದದ್ದು 20,680. ಇದರಲ್ಲಿ ಬೋನಸ್, ವೇರಿಯಬಲ್ ಬೇರೆ ಸೇರಿಸಿದ್ದರೆ ತಿಂಗಳ ಕೈಸಂಬಳ ಇನ್ನೂ ಇಳಿಯುತ್ತದೆ. ‘ಟೇಕ್ ಹೋಮ್ ಎಷ್ಟು ಸಾರ್?’ ಎಂದು ನೇರವಾಗಿ ಕೇಳಿ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಎಚ್‌ಆರ್ ಇದ್ದರೆ ಅದೂ ಒಂದು ಸೂಚನೆಯೇ.

8. ಹುಡುಕುವ ದೂರ ಹೆಚ್ಚಿಸಿ

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಆದರೂ ಮನೆ ಹತ್ತಿರದ ಗಾರ್ಮೆಂಟ್ಸೇ ಸಾಕೆಂದು ಕೂತವರು ಬಹಳ. ತುಮಕೂರಿನವರು ದಾಬಸ್‌ಪೇಟೆವರೆಗೆ, ರಾಮನಗರದವರು ಬಿಡದಿವರೆಗೆ ವಿಚಾರಿಸಿ ನೋಡಲಿ.

9. ದುಡ್ಡು ಕೇಳಿದರೆ ಎದ್ದುಬನ್ನಿ

ರಿಜಿಸ್ಟ್ರೇಷನ್, ಯೂನಿಫಾರ್ಮ್, ಟ್ರೈನಿಂಗ್ ಡೆಪಾಸಿಟ್, ಯಾವ ಹೆಸರಿನಲ್ಲಾದರೂ ಸರಿ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ಒತ್ತೆ ಇಡಬೇಡಿ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

10. ಬಿಡುವಾಗ ಕಾಗದ ಪತ್ರ ನೋಡಿಕೊಳ್ಳಿ

ಆಫರ್ ಲೆಟರ್ ಕೈಗೆ ಬರುವ ತನಕ ರಾಜೀನಾಮೆ ಬೇಡ. ಕಾಯಂ ನೌಕರರಾಗಿ ನಾಲ್ಕೂವರೆ ವರ್ಷ ಕಳೆದಿದ್ದರೆ ಐದು ತುಂಬಲು ಬಿಡಿ: 15,000 ಬೇಸಿಕ್‌ಗೆ ಗ್ರಾಚ್ಯುಟಿ 43,000 ಚಿಲ್ಲರೆ ಬರುತ್ತದೆ. ರಿಲೀವಿಂಗ್ ಲೆಟರ್, ಕೊನೆಯ ಮೂರು ಪೇಸ್ಲಿಪ್ ತೆಗೆದುಕೊಂಡೇ ಹೊರಡಿ.

ಪಿಎಫ್ ಹಣ ತೆಗೆದು ಬೈಕಿಗೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಐದು ವರ್ಷದ ಸೇವೆ ತುಂಬುವ ಮುಂಚೆ ತೆಗೆದರೆ ಅದು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಪಿಂಚಣಿ ಪಾಲಿನ ಹಣವನ್ನೂ ತೆಗೆದುಬಿಟ್ಟರೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯೂ ಮೊದಲಿನಿಂದ ಶುರುವಾಗುತ್ತದೆ. ಈಗಿರುವ ಪಿಎಫ್ ನಂಬರನ್ನೇ (ಯುಎಎನ್) ಹೊಸ ಕಂಪನಿಗೆ ಕೊಟ್ಟು ಹಣ ವರ್ಗಾಯಿಸಿಕೊಳ್ಳಿ. ಹಳೆಯ ಕಂಪನಿಯವರು ಬಿಟ್ಟ ದಿನಾಂಕ ಹಾಕಿದ್ದಾರೆಯೇ ಎಂದು ಪೋರ್ಟಲ್‌ನಲ್ಲಿ ನೋಡಿ. ಹಾಕಿಲ್ಲವಾದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಅದನ್ನು ನೀವೇ ಹಾಕಿಕೊಳ್ಳಬಹುದು.